ಗುಹೆಯಲ್ಲಿ ಹುಟ್ಟಿದ ಊರು

ಸ್ಥಳಪುರಾಣಗಳೆಂದರೆ ನನಗೆ ಮೊದಲಿನಿಂದಲೂ ನಗು. ಯಾವ ಊರಿಗೆ ಹೋದರೂ ಅಲ್ಲೊಂದು ಬಂಡೆ, ಅದರ ಮೇಲೊಂದು ಹೆಜ್ಜೆಗುರುತು, ಅದು ಭೀಮನದೋ ಸೀತೆಯದೋ ಎಂದು ಹೇಳಲು ಒಬ್ಬ ಅರ್ಚಕರು. ನೀವೂ ನಗುವವರಾದರೆ ನನ್ನ ತಕರಾರಿಲ್ಲ. ನಡೆದದ್ದನ್ನು ನಡೆದಂತೆ ಹೇಳಿಬಿಡುತ್ತೇನೆ.

೨೦೧೪ರಲ್ಲೋ ಹದಿನೈದರಲ್ಲೋ, ನಾವು ಡಾಲಸ್ ಪಕ್ಕದ ಲೂಯಿಸ್‌ವಿಲ್‌ನಲ್ಲಿದ್ದೆವು. ಪಕ್ಕದ ಮನೆಯ ರೋಸಾ ಆಂಟಿಗೆ ಎಂಬತ್ತರ ಹತ್ತಿರ ವಯಸ್ಸು. ಒಂಟಿ ಜೀವ, ಮೇಲೆ ಉಬ್ಬಸ. ಅವರ ತಂದೆ ದಕ್ಷಿಣ ಇಟಲಿಯ ಕಲಾಬ್ರಿಯಾದ ಗುಡ್ಡದ ಮೇಲಿನ ಪುಟ್ಟ ಊರಿನಿಂದ ಬಂದವರು. ಆ ಊರಿನ ಹೆಸರು ನನ್ನ ನಾಲಿಗೆಗೆ ಕೊನೆಗೂ ಒಗ್ಗಲಿಲ್ಲ.

ಒಂದು ಮಧ್ಯಾಹ್ನ ಆಂಟಿಗೆ ಬಿಸಿಬೇಳೆಬಾತ್ ಕೊಡಲು ಹೋಗಿದ್ದಾಗ ಸುಂಟರಗಾಳಿಯ ಸೈರನ್ ಕೂಗಿತು. ಹಿತ್ತಲಿನ ನೆಲದೊಳಗೆ ಕಟ್ಟಿಸಿದ್ದ ಕಾಂಕ್ರೀಟ್ ಶೆಲ್ಟರ್‌ಗೆ ಇಬ್ಬರೂ ಇಳಿದು, ಮೇಲಿನ ಕಬ್ಬಿಣದ ಬಾಗಿಲು ಎಳೆದುಕೊಂಡೆವು. ಸ್ವಲ್ಪ ಹೊತ್ತಿಗೆ ಏನೋ ಧಡಾರನೆ ಬಾಗಿಲ ಮೇಲೆ ಬಿತ್ತು. ಗಾಳಿ ನಿಂತ ಮೇಲೆ ತಳ್ಳಿದರೆ ಅದು ಅಲ್ಲಾಡಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಭುಜ ಕೊಟ್ಟು ನೂಕಿದೆ, ಗಂಟಲು ಹರಿಯುವಂತೆ ಕೂಗಿದೆ. ಗೋಡೆಗಳು ಹತ್ತಿರ ಬರುತ್ತಿರುವಂತೆ ಅನ್ನಿಸಿ ಉಸಿರು ಕಟ್ಟುತ್ತಿತ್ತು. ಆಂಟಿಗೋ ನಿಜವಾಗಿಯೇ ಕಟ್ಟುತ್ತಿತ್ತು. ಅವರ ಇನ್ಹೇಲರ್ ಅಡುಗೆಮನೆಯಲ್ಲಿ ಉಳಿದುಹೋಗಿತ್ತು.

ಮಾತಾಡಬೇಡಿ ಎಂದರೂ ಕೇಳದೆ ಅವರು ತಮ್ಮ ತಂದೆಯ ಊರು ಹುಟ್ಟಿದ ಕಥೆ ಹೇಳತೊಡಗಿದರು. ಕಡಲ್ಗಳ್ಳರಿಗೆ ಹೆದರಿ ಕರಾವಳಿಯ ಕೆಲವು ಸಂಸಾರಗಳು ಗುಡ್ಡ ಹತ್ತಿ, ಗುಹೆ ಸೇರಿ, ಬಾಯಿಗೆ ಬಂಡೆ ಉರುಳಿಸಿಕೊಂಡವಂತೆ. ಹಿಂದೆ ಉಳಿದಿದ್ದ ಅವರದೇ ಗುಂಪಿನ ಹೆಂಗಸೊಬ್ಬಳು ಬಂದು ಬಂಡೆ ತಟ್ಟಿದಳು. ಕಳ್ಳರ ಮೋಸವೆಂದು ಯಾರೂ ತೆರೆಯಲಿಲ್ಲ. ತಟ್ಟುವುದು ನಿಂತಿತು, ಅವಳು ಹೊರಗೇ ಸತ್ತಳು. ಆಮೇಲೆ ಎಷ್ಟು ನೂಕಿದರೂ ಬಂಡೆ ಸರಿಯಲಿಲ್ಲ. ಕೊನೆಗೆ ಮುದುಕಿಯೊಬ್ಬಳು "ಒಳಗೆ ಬಾ ಮಗಳೇ" ಎಂದು ಕರೆದಾಗ ಸರಿಯಿತು. ಹೊರಬಂದವರು ಅಲ್ಲೇ ಊರು ಕಟ್ಟಿದರು. ಆ ಊರಿನಲ್ಲಿ ಬಾಗಿಲು ಸಿಕ್ಕಿಕೊಂಡರೆ ಈಗಲೂ ಯಾರೂ ತಳ್ಳುವುದಿಲ್ಲವಂತೆ, ಮೊದಲು ಒಳಗೆ ಕರೆಯುತ್ತಾರಂತೆ.

"ನನ್ ಕೈಲಿ ಆಗ್ತಿಲ್ಲ. ನೀನೇ ಕರಿ," ಎಂದರು ಆಂಟಿ. ಅವರ ತುಟಿ ನೀಲಿಯಾಗಿತ್ತು.

ನಾನು ಬೆಳೆದದ್ದು ಬೆಂಗಳೂರಿನಲ್ಲಿ, ದೆವ್ವ ಬಂದು ತಟ್ಟುತ್ತದೆಂದು ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದಿಡುತ್ತಿದ್ದ ಬೀದಿಯಲ್ಲಿ. ಪುರಾಣ ನಂಬದವಳಿಗೂ ಆ ಭಯ ಮಾತ್ರ ಹೋಗಿರಲಿಲ್ಲ. ಕರೆಯಲು ಬಾಯೇ ಬರಲಿಲ್ಲ. ಅಷ್ಟರಲ್ಲಿ ಆಂಟಿಯ ತಲೆ ನನ್ನ ಭುಜಕ್ಕೆ ವಾಲಿತು.

"ಬಾಮ್ಮ, ಒಳಗೆ ಬಾ," ಎಂದೆ.

ಮೇಲೆ ಯಾರೋ ಮೆಲ್ಲಗೆ ತಟ್ಟಿದರು. ನೂಕಿದೆ. ಬಾಗಿಲು ತೆರೆದುಕೊಂಡಿತು.

ಹೊರಗೆ ಯಾರೂ ಇರಲಿಲ್ಲ. ಬಾಗಿಲು ನಡುವೆ ತಗ್ಗಾಗಿತ್ತು, ಆ ತಗ್ಗಿನಲ್ಲಿ ತೊಗಟೆ ಅಂಟಿತ್ತು. ಮರದ ದಪ್ಪ ಬೊಡ್ಡೆ ಮಾತ್ರ ದೂರದ ಬೇಲಿಯ ಬಳಿ ಇತ್ತು. ಕೆಸರಿನಲ್ಲಿ ಅದನ್ನು ಎಳೆದ ಗುರುತಿತ್ತು, ಹೆಜ್ಜೆ ಒಂದೂ ಇರಲಿಲ್ಲ. "ಗಾಳಿನೇ ಉರುಳಿಸಿರತ್ತೆ ಬಿಡೆ," ಎನ್ನುತ್ತಾರೆ ನನ್ನ ಗಂಡ. ಗಾಳಿ ಆಗಲೇ ನಿಂತಿತ್ತು ಎಂದರೆ ಎದ್ದು ಟಿವಿ ಹಾಕುತ್ತಾರೆ.

ಓಡಿಹೋಗಿ ಇನ್ಹೇಲರ್ ತಂದೆ. ಚೇತರಿಸಿಕೊಂಡ ಆಂಟಿ ಮೆಟ್ಟಿಲು ಹತ್ತುವಾಗ ಅರ್ಧಕ್ಕೆ ನಿಂತು, ಇಳಿಯುವವರಿಗೆ ದಾರಿ ಬಿಡುವ ಹಾಗೆ ಗೋಡೆಗೆ ಒತ್ತಿಕೊಂಡರು. ಅವರ ಹಿಂದಿದ್ದ ನನ್ನ ತೋಳನ್ನು ಒದ್ದೆ ಬಟ್ಟೆಯೊಂದು ಸವರಿ ಹೋಯಿತು. ಆಂಟಿಯ ಬಟ್ಟೆ ಒಣಗಿಯೇ ಇತ್ತು.

ಮೇಲೆ ಬಂದು ಬಾಗಿಲು ಮುಚ್ಚಲು ಬಗ್ಗಿದೆ. ಆಂಟಿ ನನ್ನ ಕೈ ಹಿಡಿದುಕೊಂಡರು.

"ಮುಚ್ಚಬೇಡ. ಈಗ ಅವಳು ಒಳಗಿದಾಳೆ."

ನಾನು ಮುಚ್ಚಲಿಲ್ಲ.