ಬಲಗಡೆಯ ಕಿಸೆ

ಮಾಮಾನ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿತ್ತು. ಹರೆಯದಲ್ಲಿ ಹೊಲಿಗೆ ಮಶೀನಿನ ಸೂಜಿ ಅದರೊಳಗಿಂದ ಹಾದುಹೋಗಿತ್ತಂತೆ. ಆ ಸೀಳಿನಲ್ಲಿ ದಾರದ ಎಳೆ ಸಿಕ್ಕಿಸಿಕೊಂಡು ಅವನು ಹಳೆಯ ಹೊಲಿಗೆ ಬಿಚ್ಚುತ್ತಿದ್ದ. ಮೊದಲು ಎಡಗೈಯ ಹೆಬ್ಬೆರಳು ಎಂದು ಬರೆದು ಹೊಡೆದುಹಾಕಿದೆ. ಬಲಗೈಯದು ಎಂದು ಬರೆದು ಅದನ್ನೂ ಹೊಡೆದುಹಾಕಿದೆ. ದಿನಚರಿ ಬರೆಯುವ ರೂಢಿ ನನಗೆ ಕಾಲೇಜಿನಿಂದಲೂ ಇದೆ, ಆದರೆ ಬೇಕಾದ ದಿನಗಳ ಪುಟಗಳೇ ಖಾಲಿ. ಹೀಗಾಗಿ ಇಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಾನು ಆಡಿದ ಒಂದು ಮಾತು ಮಾತ್ರ ಅಕ್ಷರ ಬಿಡದೆ ನೆನಪಿದೆ.

ಮಾಮಾ ಎಂದರೆ ಅವ್ವನ ಅಣ್ಣ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನನ್ನು ಕರೆದುಕೊಂಡು ಖಾನಾಪುರದಿಂದ ಬೆಳಗಾವಿಗೆ, ಟಿಳಕವಾಡಿಯಲ್ಲಿದ್ದ ಅವನ ಬಾಡಿಗೆ ಮನೆಗೆ ಬಂದಳು. ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ಟೇಲರನಾಗಿದ್ದರೂ ಅವನು ಹೊಸ ಬಟ್ಟೆ ಹೊಲಿಯುತ್ತಿರಲಿಲ್ಲ. ಸವೆದ ಕಾಲರನ್ನು ಬಿಚ್ಚಿ, ತಿರುವಿ, ಸವೆಯದ ಮಗ್ಗುಲನ್ನು ಮೇಲೆ ಮಾಡಿ ಹೊಲಿಯುತ್ತಿದ್ದ. ಕೋಟಿನ ಬಣ್ಣ ಮಾಸಿದ್ದರೆ ಇಡೀ ಕೋಟನ್ನೇ ಬಿಚ್ಚಿ, ಒಳಮೈಯನ್ನು ಹೊರಗೆ ಮಾಡಿ ಮತ್ತೆ ಕೂಡಿಸುತ್ತಿದ್ದ. ಕೆಲಸ ಮಾಡುತ್ತ ಬಟ್ಟೆಯೊಂದಿಗೆ ಮಾತು ಬೇರೆ: "ಸ್ವಲ್ಪ ತಡಕೋ, ಇನ್ನೆರಡು ವರ್ಷ ಬಾಳತಿ ನೀ."

ಎಪ್ಪತ್ತರ ದಶಕದ ನಡುವಿನ ವರ್ಷಗಳವು. ಸಕ್ಕರೆಗೆ ಪಾಳಿ, ಸೀಮೆಎಣ್ಣೆಗೆ ಪಾಳಿ. ಪಗಾರ ಇದ್ದವರಿಗೂ ಅದು ಯಾವಾಗ ಬಂದೀತೆಂಬ ಖಾತ್ರಿ ಇರಲಿಲ್ಲ. ಆ ದಿನಗಳಲ್ಲಿ ನಮ್ಮ ಓಣಿಯಲ್ಲಿ ಚೆನ್ನಾಗಿ ನಡೆದದ್ದು ಸ್ಟೋವ್ ರಿಪೇರಿಯವನದು, ಹಳೆಯ ಪಠ್ಯಪುಸ್ತಕ ಮಾರುವವನದು, ಮತ್ತು ಮಾಮಾನದು. ಖಡೇಬಜಾರಿನ ಟೇಲರುಗಳು ದೀಪಾವಳಿ ಎದುರಿಗಿದ್ದರೂ ಕೈಕಟ್ಟಿ ಕೂತಿದ್ದರು. ಅವರಲ್ಲೊಬ್ಬ ನಮ್ಮ ಕಟ್ಟೆಯ ಮೇಲೆ ಕೂತು ಚುಚ್ಚಿದ:

"ಊರಿಗೆಲ್ಲಾ ಬಡತನ ಬಂದ್ರ ನಿನಗೊಬ್ಬಂವಗ ದೀಪಾವಳಿ ನೋಡಪಾ!"

"ನೀ ಹೊಲದದ್ದನ್ನ ನಾ ಬಿಚ್ಚಾಂವ," ಎಂದ ಮಾಮಾ, ತಲೆ ಎತ್ತದೆ. "ನಿನ್ನ ಹೊಲಿಗಿ ಹಿಂಗ ಇರೂತನಾ, ಬಡತನ ಬರಲಿಲ್ಲಂದ್ರೂ ನನಗೇನ್ ಕಡಿಮಿ ಇಲ್ಲ."

ಇಬ್ಬರೂ ನಕ್ಕರು. ಆತ ಹೋದ ಮೇಲೆ ಮಾಮಾ ಅವ್ವನಿಗೆ ಹೇಳಿದ: "ಅಂವ ಅಂದದ್ದು ಖರೇನ ಐತಿ ತಂಗಿ. ಮಂದಿ ಸೋತಾಗ ನಮ್ಮ ಒಲಿ ಉರಿತೈತಿ. ಅದಕ್ಕ ಅವರ ಮರ್ಯಾದಿ ನಾವ ಕಾಯಬೇಕು."

ಅವನು ಕಾಯುತ್ತಿದ್ದ ರೀತಿ ಹೀಗೆ. ಗಿರಾಕಿಗಳು ಬರುವುದು ಬಾಜೂ ಸಂದಿಯ ಬಾಗಿಲಿನಿಂದ. ತೂಗುಹಾಕಿದ ಬಟ್ಟೆಗಳೆಲ್ಲ ಒಳಮೈ ಹೊರಗಾಗಿಯೇ ಇರುತ್ತಿದ್ದವು, ದಾರಿಹೋಕರು ಇದು ಇಂಥವರ ಅಂಗಿ ಎಂದು ಗುರುತಿಸಬಾರದಲ್ಲ. ಕೆಲಸ ಮುಗಿದ ಬಟ್ಟೆಯನ್ನು ಜವಳಿ ಅಂಗಡಿಯ ಹೊಸ ಕಾಗದದಲ್ಲಿ ಸುತ್ತಿ, ಆಗಷ್ಟೇ ಕೊಂಡು ತಂದಂತೆ ಕಟ್ಟಿಕೊಡುತ್ತಿದ್ದ. ಗಿರಾಕಿ ರಸ್ತೆಯಲ್ಲಿ ಎದುರಾದರೆ, ಅವರಾಗಿ ಮಾತಾಡಿಸುವ ತನಕ ಇವನು ನೋಡಿಯೂ ನೋಡದವನಂತೆ ಹೋಗುತ್ತಿದ್ದ. ಕ್ಯಾಂಪಿನಲ್ಲಿದ್ದ ಮಿಲಿಟರಿ ಪೆನ್ಶನ್ದಾರರಿಂದ ಹಿಡಿದು ಕಚೇರಿಯ ಗುಮಾಸ್ತರವರೆಗೆ ಎಲ್ಲರೂ ಆ ನಂಬಿಕೆಯ ಮೇಲೆ ಬರುತ್ತಿದ್ದರು. ನಾನು ಕಾಲೇಜು ಓದಿದ್ದು ಆ ಸಂದಿಯ ಬಾಗಿಲಿನಿಂದ.

ತಿರುವಿದ ಕೋಟಿನಲ್ಲಿ ಒಂದು ತೊಡಕಿದೆ. ಎಡಗಡೆ ಇದ್ದ ಎದೆಯ ಕಿಸೆ ಬಲಗಡೆಗೆ ಬರುತ್ತದೆ. ಬಟ್ಟೆ ಗಟ್ಟಿಯಿದ್ದರೆ ಮಾಮಾ ಆ ಸೀಳನ್ನು ರಫೂ ಮಾಡಿ ಮುಚ್ಚಿ, ಎಡಗಡೆ ಹೊಸ ಕಿಸೆ ಇಡುತ್ತಿದ್ದ. ನಮಗೆ ಇತಿಹಾಸ ಕಲಿಸುತ್ತಿದ್ದ ಹಂಗಾಮಿ ಸರ್ ತಂದ ಕೋಟು ಅದನ್ನು ತಾಳುವಂತಿರಲಿಲ್ಲ. ನಾನು ಒಳಗಿನ ಕೋಣೆಯಲ್ಲಿ ಪರದೆಯ ಹಿಂದಿದ್ದೆ. ಗಿರಾಕಿಗಳಿದ್ದಾಗ ಹೊರಗೆ ಬರಬಾರದೆಂಬುದು ಮಾಮಾನ ಕಟ್ಟಳೆ.

"ಮುಚ್ಚಾಕ ಹೋದ್ರ ಹರಿತೈತ್ರಿ ಸರ್. ಪೆನ್ ಬಲಕ್ಕನ ಇಟಗೋರಿ. ಯಾರರ ಕೇಳಿದ್ರ, ಸಣ್ಣಂವ ಇದ್ದಾಗಿಂದ ಎಡಚ ಅದೀನಿ ಅನ್ರಿ."

"ಇತಿಹಾಸ ಕಲಸಾಂವ ನಾ. ಸುಳ್ಳ ಹೇಳೂ ರೂಢಿ ಐತಿ ಬಿಡ್ರಿ," ಎಂದು ಸರ್ ನಕ್ಕರು. ಅವರು ನಕ್ಕದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ನನ್ನ ಗೆಳತಿಯರು ಕ್ಯಾಂಪಿನ ಬಂಗಲೆಗಳಿಂದ ಬರುವವರು. ನಮ್ಮ ಮಾಮಾನದು ಜವಳಿ ಅಂಗಡಿ ಎಂದು ಅವರಿಗೆ ಹೇಳಿದ್ದೆ. ಸರ್ ಆ ಕೋಟು ಹಾಕಿಕೊಂಡು ಬಂದ ದಿನ ಪಕ್ಕದಲ್ಲಿದ್ದವಳು ಮೊಣಕೈಯಿಂದ ತಿವಿದಳು.

"ಸರ್ ಕಿಸೆ ನೋಡ, ಬಲಕ್ಕ ಐತಿ! ಯಾವ ಊರ ಫ್ಯಾಶನ್ನ ಇದು?"

ಸುಮ್ಮನಿರಬಹುದಿತ್ತು. ಉಳಿದವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂಬ ಸಣ್ಣ ಹೆಮ್ಮೆ ಬಾಯಿ ತೆರೆಸಿತು.

"ಫ್ಯಾಶನ್ ಅಲ್ಲ. ಹಳೇ ಕೋಟ ತಿರುವಿ ಹೊಲಿಸಿದ್ದದು."

"ನಿನಗ್ಯಾರ ಹೇಳಿದ್ರು?"

"ನಮ್ಮ ಓಣ್ಯಾಗ ಒಬ್ಬ ಹರಕ ಬಟ್ಟಿ ಟೇಲರ್ ಅದಾನ. ಯಾರ ಏನ್ ತರ್ತಾರಂತ ಎಲ್ಲಾರ ಮುಂದ ಹೇಳತಾನ."

ನನ್ನ ಅನ್ನದ ಬಗ್ಗೆ ನಾನು ಆಡಿದ ಮಾತು ಅದು. ಒಂದೇ ಉಸಿರಿನಲ್ಲಿ ಮಾಮಾನನ್ನು ಪರಕೀಯನನ್ನಾಗಿ ಮಾಡಿದೆ, ಚಾಡಿಕೋರನನ್ನಾಗಿಯೂ ಮಾಡಿದೆ.

ಮರುದಿನ ಕರಿಹಲಗೆಯ ಮೇಲೆ ಯಾರೋ ಬಲಗಡೆ ಕಿಸೆಯ ಕೋಟು ಬರೆದಿದ್ದರು. ಸರ್ ಅದನ್ನು ಒರೆಸಿ, ಕೋಟು ಬಿಚ್ಚಿ ಕುರ್ಚಿಗೆ ಹಾಕಿ ಪಾಠ ಮಾಡಿದರು. ಟೇಲರನೇ ಹೇಳಿದನೆಂಬ ಮಾತು ಅವರ ಕಿವಿಗೂ ಬಿದ್ದಿರಬೇಕು. ಸಂಜೆ ನಮ್ಮ ಮನೆಗೆ ಬಂದರು, ಈ ಸಲ ಮುಂಬಾಗಿಲಿನಿಂದ.

"ನಿಮ್ಮ ಮ್ಯಾಲ ಭರೋಸಾ ಇಟ್ಟ ಬಂದಿದ್ನಿರಿ," ಎಂದರು. "ಊರ ಮುಂದ ಹೇಳಿದ್ರಂತಲ್ಲ?"

ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಸದ್ದು ನಿಂತಿತು. ಅವಳು ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಹೊರಗೆ ಮಾಮಾ ಕತ್ತರಿ ಕೆಳಗಿಟ್ಟದ್ದು ಕೇಳಿಸಿತು.

"ತಪ್ಪಾತ್ರಿ ಸರ್," ಎಂದ. "ನನ್ನ ಬಾಯಿಂದನ ಹೊಂಟಿರಬೇಕು. ಹೊಟ್ಟ್ಯಾಗ ಹಾಕ್ಕೋರಿ."

ನಾಲ್ಕು ಹೆಜ್ಜೆ ನಡೆದು ಹೊರಗೆ ಹೋಗಿ ನಿಂತಿದ್ದರೆ ಸಾಕಿತ್ತು. ನಾನು ಹೋಗಲಿಲ್ಲ. ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು.

ಅದಾದ ಮೇಲೆ ಮಾಮಾ ಕೆಲಸ ಮಾಡುವಾಗ ಬಟ್ಟೆಯೊಂದಿಗೆ ಮಾತಾಡುವುದನ್ನು ಬಿಟ್ಟ. ತುಟಿ ಬಿಗಿಹಿಡಿದು ಹೊಲಿಯುತ್ತಿದ್ದ. ಸಂದಿಯ ಬಾಗಿಲು ಸದ್ದಾಗುವುದು ಕಡಿಮೆಯಾಗಿ, ವರ್ಷದೊಳಗೆ ಹೆಚ್ಚುಕಡಿಮೆ ನಿಂತೇಹೋಯಿತು. ಆ ಹೊತ್ತಿಗೆ ಟೆರಿಕಾಟ್ ಬಟ್ಟೆ ಬಂದಿತ್ತು, ಅದರ ಕಾಲರು ಬೇಗ ಸವೆಯುತ್ತಿರಲಿಲ್ಲ. ಕಾಲವೂ ತುಸು ಸುಧಾರಿಸಿತ್ತು. ಅವನ ಧಂದೆ ಹೇಗೂ ಬೀಳುವುದಿತ್ತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜವೂ ಇರಬಹುದು. ಆದರೆ ಸ್ಟೋವ್ ರಿಪೇರಿಯವನು, ಪುಸ್ತಕದವನು ಅಲ್ಲೇ ಉಳಿದರು. ಮಾಮಾ ಮಶೀನನ್ನು ಖಾನಾಪುರದ ರೈಲಿಗೆ ಹಾಕಿ ತಾನೂ ಅಲ್ಲಿಗೆ ಹೋದ. ಅವ್ವ ಮತ್ತು ನಾನು ನನ್ನ ಓದು ಮುಗಿಯಲೆಂದು ಅದೇ ಮನೆಯಲ್ಲಿ ಉಳಿದೆವು. ಬಾಡಿಗೆ ಅವನೇ ಕಳಿಸುತ್ತಿದ್ದ.

ಖಾನಾಪುರದಲ್ಲಿ ಅವನ ಕೆಲಸ ನಡೆಯಲಿಲ್ಲ. "ಇಲ್ಲಿ ಯಾವ ಅಂಗಿ ಯಾರದಂತ ಎಮ್ಮಿಗೂ ಗೊತ್ತ," ಎಂದು ನಗುತ್ತಿದ್ದ. ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿದು ದಿನ ತಳ್ಳಿದ. ನನಗೆ ನೌಕರಿ ಸಿಕ್ಕ ಮೇಲೆ, ಎಂಬತ್ತರ ದಶಕದ ಮೊದಲಲ್ಲಿ, ಎಲ್ಲ ಹೇಳಿಬಿಡಬೇಕೆಂದು ಒಂದು ಭಾನುವಾರ ಹೋದೆ. ಅವನು ಚಹಾ ಮಾಡಿಕೊಟ್ಟ.

"ಮಾಮಾ, ಆ ಕೋಟಿನ ಸರ್ ಬಂದಿದ್ರಲ್ಲಾ..."

"ಚಾ ಆರತೈತಿ. ಕುಡಿಯವಾ," ಎಂದ.

ಕುಡಿದೆ. ಮುಂದೆ ಹೇಳಲಿಲ್ಲ. ಅವನೇ ತಡೆದ ಎಂದು ಆ ದಿನ ದಿನಚರಿಯಲ್ಲಿ ಬರೆದಿದ್ದೇನೆ. ಈಗ ಓದಿದರೆ, ನಾನು ತಡೆಸಿಕೊಂಡೆ ಅನಿಸುತ್ತದೆ. ಮುಂದಿನ ಶ್ರಾವಣಕ್ಕೆ ಅವನಿರಲಿಲ್ಲ.

ಕಳೆದ ವಾರ, ಹಾಸಿಗೆಯಲ್ಲಿ ಮಲಗಿದ್ದ ಅವ್ವನ ಮುಂದೆ ಎಲ್ಲವನ್ನೂ ಹೇಳಿದೆ. ಅವಳು ಅಚ್ಚರಿಪಡಲಿಲ್ಲ. ಆಮೇಲೆ ಕೇಳಿದೆ: "ಹೇಳಿದಾಕಿ ನಾನಂತ ಮಾಮಾಗ ಗೊತ್ತಿತ್ತೇನವ್ವಾ? ಇಲ್ಲಾ, ಖರೇನ ತನ್ನ ಬಾಯಿಂದನ ಹೊಂಟೈತಂತ ತಿಳಕೊಂಡ ಹೋದನೇನು?"

ಅವ್ವ ಗೋಡೆಯ ಕಡೆ ಮಗ್ಗುಲಾದಳು. ಎಂಟು ದಿನವಾಯಿತು. ಉಳಿದದ್ದೆಲ್ಲ ಮಾತಾಡುತ್ತಾಳೆ.