ಪುಟ್ಟತಾಯಮ್ಮನವರ ಮೂರು ಕಥೆಗಳು

ಪುಟ್ಟತಾಯಮ್ಮನವರ ಕಥೆಗಳನ್ನು ಯಾವ ಪತ್ರಿಕೆಯೂ ನಿರಾಕರಿಸಲಿಲ್ಲ. ನಾನು ಅವನ್ನು ಕಳಿಸಿಯೇ ಇರಲಿಲ್ಲ. ಕಳಿಸಿದೆ ಎಂದೆ, ಬೇಡವೆಂದರು ಎಂದೆ — ಮೂರು ಕಥೆಗಳಿಗೆ ಮೂರು ಸಲ, ಅವರ ಮುಖ ನೋಡಿಕೊಂಡೇ ಹೇಳಿದೆ. ಕಥೆಗಳು ನನ್ನ ಟ್ರಂಕಿನ ತಳದಲ್ಲಿದ್ದವು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಜಯನಗರವೂ ಹೊಸದು. ಸೈಟುಗಳಿಗೆ ಕಲ್ಲು ನೆಟ್ಟಿದ್ದರು, ಮನೆಗಳು ಅಲ್ಲೊಂದು ಇಲ್ಲೊಂದು, ನಡುವೆ ಇನ್ನೂ ರಾಗಿ ತೂಗುತ್ತಿತ್ತು. ಬಡಾವಣೆಯ ಅಂಚಿಗೆ ಅಂಟಿಕೊಂಡಿದ್ದ ಹಳ್ಳಿಯಲ್ಲಿ ಪುಟ್ಟತಾಯಮ್ಮನವರ ಮನೆ. ಗಂಡ ತೀರಿಕೊಂಡಿದ್ದರು, ಹೊಲ ಬಡಾವಣೆಗೆ ಹೋಗಿತ್ತು. ಎರಡು ಹಸು, ಬಾಡಿಗೆಗೆ ಕೊಡಲು ಹಿಂದಿನ ಒಂದು ಕೋಣೆ, ಇಷ್ಟು ಉಳಿದಿತ್ತು. ಆ ಕೋಣೆಯಲ್ಲಿದ್ದವನು ನಾನು — ಕಚೇರಿಯಲ್ಲಿ ಗುಮಾಸ್ತ, ಮನಸ್ಸಿನಲ್ಲಿ ಲೇಖಕ. ಅಚ್ಚಾಗಿದ್ದದ್ದು ಎರಡೇ ಕಥೆ. ಮೂರನೆಯದಕ್ಕೆ ಸ್ಫೂರ್ತಿ ಬರಲೆಂದು ಕಾಯುತ್ತಿದ್ದೆ. ಸಂಜೆ ಬಸವನಗುಡಿಯ ಹೋಟೆಲಿನಲ್ಲಿ ಗೆಳೆಯರೊಡನೆ ಕೂತು ಬೇರೆಯವರ ಪುಸ್ತಕಗಳನ್ನು ಹರಿದು ಹಾಕುವುದು, ಭಾನುವಾರ ಬಿಳಿ ಹಾಳೆಯ ಮುಂದೆ ಕೂತು ನನ್ನನ್ನೇ ಬೈದುಕೊಳ್ಳುವುದು — ಇದನ್ನೇ ಸಾಹಿತ್ಯದ ಬದುಕು ಎಂದುಕೊಂಡಿದ್ದೆ.

ಪುಟ್ಟತಾಯಮ್ಮ ನಲವತ್ತು ದಾಟಿದ ಮೇಲೆ ವಯಸ್ಕರ ಶಾಲೆಯಲ್ಲಿ ಅಕ್ಷರ ಕಲಿತವರು. ಬೆಳಿಗ್ಗೆ ಹಾಲು ಕರೆದು, ದಿನವೂ ಕೊಳ್ಳುವ ವರ್ತನೆ ಮನೆಗಳಿಗೆ ಕೊಟ್ಟು ಬಂದು, ಕೈಕಾಲು ತೊಳೆದು ಜಗಲಿಯ ಮೇಲೆ ಕೂರುವರು. ತೊಡೆಯ ಮೇಲೆ ಮಣೆ, ಮಣೆಯ ಮೇಲೆ ನೋಟುಬುಕ್ಕು. ಒಂದು ಪುಟ. ಜ್ವರ ಬಂದ ದಿನವೂ, ಹಸು ಕರು ಹಾಕಿದ ದಿನವೂ ಒಂದು ಪುಟ. ಒಮ್ಮೆ ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಎದ್ದರು. ಯಾಕೆಂದು ಕೇಳಿದೆ.

"ಕರೀವಾಗ ಒಂದು ಮೊಲೆ ಕರೂಗೆ ಬಿಡ್ತೀವಲ್ಲ ಸ್ವಾಮಿ, ಹಂಗೆ. ಎಲ್ಲಾ ಹಿಂಡ್ಕೊಂಡ್‌ಬಿಟ್ರೆ ನಾಳೀಕೆ ಏನೈತೆ?"

ನಾನು ನಕ್ಕುಬಿಟ್ಟೆ.

ಒಂದು ದಿನ ಹಾಳೆಗಳ ಕಟ್ಟೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದರು. "ನೀವು ಬರೆಯೋರು. ಇದನ್ನ ಪತ್ರಿಕೆಯೋರ್ಗೆ ಕಳಿಸ್ತೀರಾ?"

ಅದು ಅವರ ಮಗಳು ಚೆನ್ನಿಯ ಕಥೆ. ಏಳನೆಯ ವರ್ಷಕ್ಕೆ ಜ್ವರದಲ್ಲಿ ತೀರಿಕೊಂಡ ಹುಡುಗಿ. ಕಥೆಯಲ್ಲಿ ಸಾವೇ ಇರಲಿಲ್ಲ. ಚೆನ್ನಿ ಪುಟ್ಟೇನಹಳ್ಳಿ ಕೆರೆಯ ಏರಿಯ ಮೇಲೆ ನಿಂತು ಒಂದೊಂದು ಕೊಕ್ಕರೆಗೂ ಹೆಸರಿಡುತ್ತಾಳೆ. ಒಂದು ಹಾರಿಹೋದರೆ ಆ ಹೆಸರನ್ನು ಇನ್ನೊಂದಕ್ಕೆ ಕೊಡಲು ಒಪ್ಪುವುದಿಲ್ಲ. ಇಷ್ಟೇ. ಸಾಲಿಗೊಂದು ಕಾಗುಣಿತದ ತಪ್ಪು. ನಾನು ನಿಂತುಕೊಂಡು ಓದಲು ಶುರುಮಾಡಿದವನು ಕೊನೆಯವರೆಗೂ ಕೂರುವುದನ್ನೇ ಮರೆತಿದ್ದೆ. ಇದು ಎಲ್ಲಿಂದ ಬಂತು, ಯಾರು ಹೇಳಿಕೊಟ್ಟರು ಇವರಿಗೆ... ಆಮೇಲೆ ಭಯವಾಯಿತು. ಇದು ಅಚ್ಚಾದರೆ ನಾನು ಯಾರು?

ತಿಂಗಳು ಕಳೆದು ಹೇಳಿದೆ: "ಬೇಡ ಅಂದ್ರು."

"ಏನು ಬೇಡ ಅಂದ್ರು ಸ್ವಾಮಿ? ಕಥೆನಾ, ಬರೆಯೋದ್ನಾ?"

"ಕಥೆ."

"ಸರಿ ಬಿಡಿ. ಬರೆಯೋದು ಬೇಡ ಅನ್ನಕ್ಕೆ ಅವ್ರ್ಯಾರು."

ಮರುದಿನ ಬೆಳಿಗ್ಗೆ ಕಿಟಕಿಯಿಂದ ನೋಡಿದೆ. ಜಗಲಿ, ಮಣೆ, ನೋಟುಬುಕ್ಕು. ಅದೇ ಹೊತ್ತು. ಒಂದು 'ಬೇಡ'ದಿಂದ ನಾನು ಮೂರು ತಿಂಗಳು ಮಂಕಾಗುತ್ತಿದ್ದೆ. ಈ ಹೆಂಗಸು ಹಾಲು ಕೊಟ್ಟು ಬಂದು ಬರೆಯುತ್ತಿದ್ದಾರೆ! ದೇವರ ಮುಂದೆ ನಿಂತಾಗಲೂ ನನಗೆ ಅಂಥ ಬೆರಗು ಆದದ್ದಿಲ್ಲ. ಆ ಬೆರಗಿನಲ್ಲೇ ಎರಡನೆಯ ಕಥೆಗೂ ಸುಳ್ಳು ಹೇಳಿದೆ, ಮೂರನೆಯದಕ್ಕೂ. ಬೆರಗು ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ಆದರೆ ಬರೆಯುವವನನ್ನಾಗಿ ಮಾಡಿತು. ಅವರು ಜಗಲಿಯಲ್ಲಿ ಕೂತಾಗ ನಾನು ಕಿಟಕಿಯ ಬಳಿ ಕೂರತೊಡಗಿದೆ. ಅವರು ಏಳುವವರೆಗೆ ಏಳುವುದಿಲ್ಲ. ಒಂದು ಪುಟ, ಚೆನ್ನಾಗಿರಲಿ ಕೆಟ್ಟದಾಗಿರಲಿ. ಹೋಟೆಲಿನ ಹರಟೆ ತಾನಾಗಿ ನಿಂತಿತು. ಎರಡು ವರ್ಷಕ್ಕೆ ಕಾದಂಬರಿ ಮುಗಿಯಿತು, ಅಚ್ಚಾಯಿತು, ಜಯನಗರದಲ್ಲೇ ಸಣ್ಣದೊಂದು ಸಭೆಯೂ ನಡೆಯಿತು. ಹೇಗೆ ಬರೆಯುತ್ತೀರಿ ಎಂದು ಒಬ್ಬರು ಕೇಳಿದರು. ನಾನು ಎದ್ದು ನಿಂತು ಕರುವಿಗೆ ಬಿಡುವ ಮೊಲೆಯ ಮಾತು ಹೇಳಿದೆ — ನನ್ನದೆಂಬಂತೆ. ಜನ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಪುಟ್ಟತಾಯಮ್ಮನೂ ತಟ್ಟುತ್ತಿದ್ದರು.

ಮನೆಗೆ ನಡೆದು ಬರುವಾಗ ಅವರೆಂದರು, "ನಿಮ್ಗೂ ಹಂಗೇ ಅನ್ಸುತ್ತಾ ಸ್ವಾಮಿ? ನಂಗೊಬ್ಬಳಿಗೇ ಅಂದ್ಕೊಂಡಿದ್ದೆ." ವ್ಯಂಗ್ಯವಿದೆಯೇ ಎಂದು ಹುಡುಕಿದೆ. ಇರಲಿಲ್ಲ. ಜೊತೆಗಾರನೊಬ್ಬ ಸಿಕ್ಕ ಖುಷಿಯಿತ್ತು.

ಮದುವೆಯಾಗಿ ಬೇರೆ ಮನೆಗೆ ಹೋದೆ. ಟ್ರಂಕೂ ನನ್ನೊಡನೆ ಬಂತು. ದಶಕ ಮುಗಿಯುತ್ತ ಬಂದಾಗ ನನಗೆ ಮಗಳು ಹುಟ್ಟಿದಳು. ಅವಳು ಮಾತು ಕಲಿತು, ಕಂಡ ಕಾಗೆಗೆಲ್ಲ ಒಂದೊಂದು ಹೆಸರಿಡತೊಡಗಿದ ದಿನ, ಹಾಳೆಗಳನ್ನು ತೆಗೆದುಕೊಂಡು ಹೊರಟೆ.

ಪುಟ್ಟತಾಯಮ್ಮನ ತಲೆ ಪೂರ್ತಿ ಬೆಳ್ಳಗಾಗಿತ್ತು. ಒಳಗಿನ ಗೂಡುಗಳಲ್ಲಿ ನೋಟುಬುಕ್ಕುಗಳು ಸೂರಿನವರೆಗೆ ಏರಿದ್ದವು. ನಾನು ಎಲ್ಲ ಹೇಳಿದೆ. ಕಳಿಸಲಿಲ್ಲ, ಹೊಟ್ಟೆಕಿಚ್ಚು, ನಿಮ್ಮ ಮಾತನ್ನೇ ನನ್ನದೆಂದೆ... ಅವರು ಕೂಗಾಡಲಿಲ್ಲ. ಒಂದೇ ಮಾತು ಕೇಳಿದರು:

"ಹಂಗಾದ್ರೆ ಚೆನ್ನಿ ಕಥೇನ ಯಾರೂ ಬೇಡ ಅಂದಿರ್ಲಿಲ್ವಾ?"

"ಇಲ್ಲ."

"ಸತ್ತ ಮಗೀನ ಸುದ್ದಿ ಯಾರ್ಗೂ ಬೇಕಾಗಿಲ್ಲ ಅಂದ್ಕೊಂಡೆ. ಆಮ್ಯಾಕೆ ಅವಳ ಮಾತೇ ಬರೀಲಿಲ್ಲ ನಾನು. ಹಸು ಬಗ್ಗೆ ಬರ್ದೆ, ಮಳೆ ಬಗ್ಗೆ ಬರ್ದೆ, ಊರೋರ್ ಬಗ್ಗೆ ಬರ್ದೆ. ಅವಳ್ನ ಬಿಟ್ಟೆ. ಈಗ ಅವಳ ಗಂಟ್ಲು ಹೆಂಗಿತ್ತು ಅಂತಾನೇ ಗ್ಯಾಪ್ಕ ಇಲ್ಲ ಸ್ವಾಮಿ."

ಅವರು ಬರವಣಿಗೆ ಬಿಡಲಿಲ್ಲವಾದ್ದರಿಂದ ನನ್ನ ಸುಳ್ಳಿನಿಂದ ಏನೂ ಕೆಡಲಿಲ್ಲ ಎಂದು ಅಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ.

ಹಾಳೆಗಳನ್ನು ಅವರ ಕೈಗೆ ಕೊಟ್ಟೆ. ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ಅವರು ಕೊಟ್ಟುಬಿಡುತ್ತಿದ್ದರೋ ಏನೋ — ಅದೂ ನನಗೆ ಬೇಡವಾಗಿತ್ತು. ಅವರು ನನ್ನ ಕಡೆ ನೋಡಲಿಲ್ಲ. ಬೆಳಕಿಗೆಂದು ಬಾಗಿಲ ಬಳಿ ಕೂತು, ಮೊದಲ ಹಾಳೆಯ ಮೇಲೆ ಬೆರಳಿಟ್ಟು, ಅಕ್ಷರ ಕೂಡಿಸಿ ಓದತೊಡಗಿದರು. ನಾನು ಅಂಗಳ ದಾಟುವಾಗಲೂ ಕೇಳುತ್ತಿತ್ತು. ಮೊದಲ ಸಾಲನ್ನೇ ಮತ್ತೆ ಮತ್ತೆ, ಗಟ್ಟಿಯಾಗಿ, ಮಗಳ ಹೆಸರು ಬಂದಲ್ಲಿ ನಿಂತು ನಿಂತು.