ರೆಜಿನಾಳ ಬಂಗುಡೆ

ಕುವೈತಿನ ಫಹಾಹೀಲಿನಲ್ಲಿದ್ದ ಮಂಗಳೂರು ಹೆಂಗಸರ ನಡುವೆ ರೆಜಿನಾಳ ಮೀನಿಗೆ ದೊಡ್ಡ ಹೆಸರಿತ್ತು. ತಿನ್ನುವ ಮೀನಲ್ಲ, ಬಟ್ಟೆಯ ಮೇಲೆ ನೂಲಿನಲ್ಲಿ ಹಾಕುವ ಮೀನು. ಸಾಲಾಗಿ ಐದು. ಒಂದರ ಹೊಟ್ಟೆ ತುಂಬ ಚುಕ್ಕಿ, ಇನ್ನೊಂದರಲ್ಲಿ ಗೆರೆ, ಮತ್ತೊಂದರಲ್ಲಿ ಪುಟ್ಟ ಪುಟ್ಟ ಎಲೆ. 1969ರಲ್ಲಿ ಮದುವೆ ನಿಶ್ಚಯವಾದಾಗ ಫ್ರೆಡ್ರಿಕ್ ಕುವೈತಿನಿಂದ ಬರೆದ ಮೊದಲ ಕಾಗದದ ಅಂಚಿನಲ್ಲಿ ಇವನ್ನು ಬಿಡಿಸಿ ಕಳಿಸಿದ್ದ. ‘ನಮ್ಮ ಉಳ್ಳಾಲದ ಬಂಗುಡೆ. ನಿನಗಾಗಿಯೇ ಕೂತು ಬಿಡಿಸಿದೆ’ ಎಂದು ಕೆಳಗೆ ಬರೆದಿದ್ದ. ಅವನು ಡ್ರಾಫ್ಟ್ಸ್‌ಮನ್, ದಿನವಿಡೀ ಎಣ್ಣೆ ಪೈಪುಗಳ ನಕ್ಷೆ ಎಳೆಯುವವನು. ಅಂಥ ಕೈ ತನಗಾಗಿ ಮೀನು ಬಿಡಿಸಿತಲ್ಲ ಎಂದು ರೆಜಿನಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮದುವೆಯಾಗಿ ಬಂದವಳು ಮೇಜುಬಟ್ಟೆ, ದಿಂಬಿನ ಚೀಲ, ಮಗಳ ಫ್ರಾಕು ಎಲ್ಲದರ ಮೇಲೂ ಅದನ್ನೇ ಹಾಕಿದಳು. ಯಾರು ಕೇಳಿದರೂ ಮಾದರಿ ಕೊಡಲಿಲ್ಲ.

ಎಪ್ಪತ್ತಮೂರರಲ್ಲಿ ಅವಳ ಬಾಲ್ಯದ ಗೆಳತಿ ಕಾರ್ಮೆಲ್ ಅದೇ ಮೀನಿನ ಮೇಜುಬಟ್ಟೆಯೊಂದನ್ನು ಚರ್ಚಿನ ಮಾರಾಟಕ್ಕೆ ತಂದಳು. ಕಾರ್ಮೆಲ್ ಆಗಷ್ಟೇ ಸ್ವೀಡನ್ನಿನ ಇಂಜಿನಿಯರ್ ಒಬ್ಬರ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಸೇರಿದ್ದಳು. ಆ ಇಂಜಿನಿಯರೇ ಫ್ರೆಡ್ರಿಕನ ಸಾಹೇಬರು.

"ನಿನ್ನದು ನೋಡಿ ಮಾಡಿದ್ದಲ್ಲ ಮಾರಾಯ್ತಿ. ನಮ್ಮ ಮೇಡಮ್ಮನ ಪ್ಲೇಟಿನಲ್ಲಿ ಉಂಟು," ಎಂದಳು ಕಾರ್ಮೆಲ್.

ರೆಜಿನಾ ಗಂಡನ ಮುಖ ನೋಡಿದಳು.

"ಆ ಮನೆಗೆ ನಾನು ಎಷ್ಟು ಸಲ ಹೋಗಿದ್ದೇನೆ. ಅಂಥ ಪ್ಲೇಟ್ ಎಲ್ಲಿಯೂ ಇಲ್ಲ," ಎಂದ ಫ್ರೆಡ್ರಿಕ್, ಕಣ್ಣು ಪಿಳುಕಿಸದೆ.

ಇನ್ನೇನು ಬೇಕು? ಎಲ್ಲರೆದುರು ರೆಜಿನಾ ಗೆಳತಿಯನ್ನು ಕಳ್ಳಿ ಎಂದಳು, ಸುಳ್ಳಿ ಎಂದಳು. ಅಂದಿನಿಂದ ಮಾತು ಬಂದ್. ಹೆಂಗಸರೂ ಕಾರ್ಮೆಲಳ ಕೈಗೆ ಹೊಲಿಗೆ ಕೊಡುವುದನ್ನು ನಿಲ್ಲಿಸಿದರು.

ಎಂಟು ವರ್ಷ ಕಳೆದು ಇಂಜಿನಿಯರ್ ಸಂಸಾರ ಊರಿಗೆ ಹೊರಟಿತು. ಹೊರಡುವವರು ಮನೆಯ ಸಾಮಾನನ್ನು ಮಾರಿ ಹೋಗುವುದು ಇಲ್ಲಿಯ ರೂಢಿ. ಒಳ್ಳೆಯ ಕುಕ್ಕರ್ ಸಿಕ್ಕೀತೆಂದು, ಕಾರ್ಮೆಲ್ ಇಲ್ಲದ ಹೊತ್ತು ನೋಡಿ, ರೆಜಿನಾ ಹೋದಳು. ಮೇಜಿನ ಮೇಲೆ ಪ್ಲೇಟುಗಳು. ಪ್ಲೇಟುಗಳ ಮೇಲೆ ಮೀನು, ಐದೈದು. ಚುಕ್ಕಿಯದು, ಗೆರೆಯದು, ಎಲೆಯದು. ಅವಳು ಒಂದನ್ನು ಎತ್ತಿ ಹತ್ತಿರದಿಂದ ನೋಡಿದಳು.

ಮೇಡಮ್ ಪ್ಲೇಟನ್ನು ತಿರುಗಿಸಿ ತೋರಿಸಿದರು. ಹಿಂದೆ ಕಲಾವಿದೆಯೊಬ್ಬಳ ಸಹಿ, 1956. ಇದು ತಮ್ಮ ಕಡಲಿನ ಮೀನು, ತಮ್ಮ ದೇಶದಲ್ಲಿ ಈ ಪ್ಲೇಟ್ ಇಲ್ಲದ ಮನೆಯೇ ಕಡಿಮೆ ಎಂದರು. ಆ ಕಲಾವಿದೆಯ ಕೆಲಸಗಳ ಪುಸ್ತಕವನ್ನೂ ತೆರೆದು ಕೊಟ್ಟರು. ಪರದೆಯ ಬಟ್ಟೆ, ಬಟ್ಟಲು, ಟ್ರೇ. ಎಲ್ಲದರ ಮೇಲೂ ಈರುಳ್ಳಿ, ಮೂಲಂಗಿ, ಹಕ್ಕಿ, ಒಂದರ ಒಡಲಿನಂತೆ ಇನ್ನೊಂದಿಲ್ಲ. ಅಷ್ಟು ಚೆಂದವಿದ್ದುದಕ್ಕೇ ರೆಜಿನಾಳಿಗೆ ಮೈ ಉರಿಯಿತು. ಇದು ಪೈಪಿನ ನಕ್ಷೆಯವನಿಂದ ಆಗುವ ಕೆಲಸವೇ? ಹೊಲಿಯುವ ತನ್ನ ಕೈಗಾದರೂ ಅಷ್ಟು ಹೊಳೆಯಬೇಡವೇ? ಕುಕ್ಕರ್ ಬಿಟ್ಟು ಒಂದು ಪ್ಲೇಟ್ ಕೊಂಡು ಮನೆಗೆ ಬಂದಳು.

ಫ್ರೆಡ್ರಿಕ್ ಅದನ್ನು ನೋಡಿದ, ನಕ್ಕ.

"ಹೌದು, ಟ್ರೇಸಿಂಗ್ ಪೇಪರ್ ಇಟ್ಟು ತೆಗೆದದ್ದು. ಈಗ ಎಂತ ಅದಕ್ಕೆ? ನಿನಗೆ ಖುಷಿಯಾಯ್ತಲ್ಲ?"

"ಮತ್ತೆ ಕಾರ್ಮೆಲ್?"

"ಅಷ್ಟು ಜನರ ಎದುರು ಹೇಗೆ ಹೇಳುದು? ನನ್ನ ಮರ್ಯಾದೆ ಹೋಗ್ತಿತ್ತು."

ಅವನ ಮರ್ಯಾದೆ ಉಳಿಯಲೆಂದು ಕಾರ್ಮೆಲಳ ಮರ್ಯಾದೆ ಹೋಗಿತ್ತು, ಅದೂ ರೆಜಿನಾಳ ಬಾಯಿಂದಲೇ. ಎಂಟು ವರ್ಷ ಅವನು ಆ ಮೇಜುಬಟ್ಟೆಯ ಮುಂದೆ ಕೂತು ನೆಮ್ಮದಿಯಾಗಿ ಉಂಡಿದ್ದ. ಇಂಥವನನ್ನು ನಂಬಿದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ರಜೆಯ ದಿನ ಶುಕ್ರವಾರ, ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ರೆಜಿನಾ ಎಲ್ಲರಿಗೂ ಕೇಳುವಂತೆ ಹೇಳಿದಳು.

"ಕಾರ್ಮೆಲ್ ಕದ್ದದ್ದಲ್ಲ. ಕದ್ದದ್ದು ನನ್ನ ಗಂಡ. ಸುಳ್ಳು ಹೇಳಿದ್ದೂ ಅವರೇ."

ಫ್ರೆಡ್ರಿಕ್ ಮೆಲ್ಲಗೆ ಕಾರಿನ ಕಡೆ ಜಾರಿಕೊಂಡ. ಕಾರ್ಮೆಲ್ ಮಾತ್ರ ಅವನತ್ತ ತಿರುಗಿಯೂ ನೋಡಲಿಲ್ಲ.

"ಅವರು ಹೇಳಿದ್ದು ಸುಳ್ಳು, ಆಯ್ತು. ನೀನು ಬಾಲ್ಯದಿಂದ ನನ್ನನ್ನು ಕಂಡವಳು. ಒಂದು ಸಲ ಆ ಮನೆಗೆ ಬಂದು ನೋಡ್ಬಹುದಿತ್ತಲ್ಲ ರೆಜಿನಾ? ಬಾಗಿಲು ತೆರೀತಿದ್ದದ್ದು ನಾನೇ."

ಆ ಮನೆ ರೆಜಿನಾಳ ಮನೆಯಿಂದ ಮೂರೇ ಬೀದಿ ಆಚೆಗಿತ್ತು.